ಮಣ್ಣು ಪುಕ್ಕಟೆ, ಮಣ್ಣಿನ ಮನೆ ಯಾಕೆ ದುಬಾರಿ?

ಓದುಗರ ಪ್ರಶ್ನೆ, ಎಂಜಿನಿಯರ್ ಅಕ್ಕನ ಉತ್ತರ

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್. ತುಮಕೂರಿನಲ್ಲಿ 30×40 ಸೈಟು ಇದೆ. ಸಾಲ, ಉಳಿತಾಯ ಎಲ್ಲ ಸೇರಿಸಿದರೆ 22 ಲಕ್ಷ ಆಗುತ್ತದೆ. ಮಣ್ಣಿನ ಬ್ಲಾಕಿನ ಮನೆ ಕಟ್ಟಬೇಕೆಂದು ಬಹಳ ದಿನದ ಆಸೆ. ಬೆಂಗಳೂರಿನ ಒಬ್ಬರು ಆರ್ಕಿಟೆಕ್ಟ್ ಚದರಡಿಗೆ 2,900 ರೂಪಾಯಿ ಹೇಳಿದರು. ಇಲ್ಲಿಯ ಕಂಟ್ರಾಕ್ಟರು ಮಾಮೂಲಿ ಮನೆಗೆ 2,100 ಹೇಳುತ್ತಾರೆ. "ಮಣ್ಣು ಪುಕ್ಕಟೆ, ಮನೆ ದುಬಾರಿ! ಇದು ದುಡ್ಡಿರೋರ ಶೋಕಿ" ಅಂತ ನಮ್ಮನೆಯವರು ನಗುತ್ತಾರೆ. ನಿಜವಾ ಅಕ್ಕಾ?

ಉತ್ತರ: ನಿಮ್ಮ ಯಜಮಾನರು ಅರ್ಧ ಸರಿ. ಇನ್ನರ್ಧಕ್ಕೆ ಲೆಕ್ಕದ ಪುಸ್ತಕ ತೆಗೆಯಬೇಕು.

ಕಳೆದ ವರ್ಷ ನಾನೇ ನಿಂತು ಕಟ್ಟಿಸಿದ ಹತ್ತು ಚದರದ (ಸಾವಿರ ಚದರಡಿ) ಒಂದು ಮನೆಯ ಲೆಕ್ಕ ಹೇಳುತ್ತೇನೆ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ, ಸುಡದೆ ಬಳಸುವ ದೊಡ್ಡ ಇಟ್ಟಿಗೆಯೇ ಈ ಬ್ಲಾಕು. ಗೋಡೆಗೆ ಸುಮಾರು 6,000 ಬ್ಲಾಕ್ ಬೇಕಾಯಿತು. ಸೈಟಿನಲ್ಲೇ ಕೈಮೆಷಿನ್ ಇಟ್ಟು ಒತ್ತಿಸಿದೆವು. ಪಾಯ ಮತ್ತು ಸಂಪು ತೋಡಿದಾಗ ಬಂದ ಕೆಂಪು ಮಣ್ಣು, ಎರಡು ಲೋಡು ಕ್ವಾರಿ ಪುಡಿ, 72 ಮೂಟೆ ಸಿಮೆಂಟು. ಆರು ಜನ, ಎರಡು ವಾರ. ಕೂಲಿ, ಸಿಮೆಂಟು, ಮೆಷಿನ್ ಬಾಡಿಗೆ ಎಲ್ಲ ಸೇರಿ 1 ಲಕ್ಷ 20 ಸಾವಿರ. ಅಂದರೆ ಬ್ಲಾಕಿಗೆ 20 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಲಿಯೇ. ಮಣ್ಣು ಪುಕ್ಕಟೆ, ನಿಜ. ಮಣ್ಣು ಜರಡಿ ಹಿಡಿದು, ಕಲಸಿ, ಒತ್ತಿ, ಮೂರು ವಾರ ನೀರು ಹೊಡೆಯುವ ಕೈಗಳು ಪುಕ್ಕಟೆ ಅಲ್ಲ. ಆಗಲೂ ಬಾರದು.

ಅದೇ ಗೋಡೆಯನ್ನು ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದ್ದರೆ? ಒಂದು ಬ್ಲಾಕು ಎರಡಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟಿಗೆಗೆ ಸಮ. ಹದಿನಾಲ್ಕು ಸಾವಿರ ಇಟ್ಟಿಗೆ, ನಮಗೆ ಸಿಕ್ಕ ರೇಟು 10 ರೂಪಾಯಿ, ಒಟ್ಟು 1 ಲಕ್ಷ 40 ಸಾವಿರ. ಉಳಿದದ್ದು ಬರೀ 20 ಸಾವಿರ. ಇಷ್ಟಕ್ಕಾ ಇಷ್ಟೊಂದು ರಾಮಾಯಣ ಅನ್ನಿಸಿತಲ್ವಾ? ಆ ಮನೆಯ ಮಾಲೀಕರಿಗೂ ಹಾಗೇ ಅನ್ನಿಸಿತು.

ದುಡ್ಡು ಉಳಿದದ್ದು ಆಮೇಲೆ. ಒಳಗೂ ಹೊರಗೂ ಸೇರಿ ಆ ಗೋಡೆಗಳು 3,200 ಚದರಡಿ. ಪ್ಲಾಸ್ಟರಿಂಗ್‌ಗೆ ಚದರಡಿಗೆ 45 ರೂಪಾಯಿ ಕೇಳಿದ್ದರು. ಅದರ ಮೇಲೆ ಪುಟ್ಟಿ, ಪ್ರೈಮರು, ಎರಡು ಕೋಟು ಬಣ್ಣ. ಬಚ್ಚಲು ಮತ್ತು ಅಡುಗೆಮನೆ ಬಿಟ್ಟು ಉಳಿದ ಕಡೆ ನಾವು ಅದನ್ನೆಲ್ಲ ಮಾಡಲೇ ಇಲ್ಲ. ಬ್ಲಾಕು ನೀಟಾಗಿ ಕೂರಬೇಕು, ಸಂದಿಗೆ ಗಾರೆ ತುಂಬುವ ಪಾಯಿಂಟಿಂಗ್ ಚೆನ್ನಾಗಿರಬೇಕು, ಹಾಗಾಗಿ ಮೇಸ್ತ್ರಿಗೆ ಕೂಲಿ ಜಾಸ್ತಿ ಕೊಟ್ಟೆವು. ಅದನ್ನು ಕಳೆದೂ ಒಂದೂವರೆ ಲಕ್ಷ ಉಳಿಯಿತು. ಉಳಿಸಿದ್ದು ಮಣ್ಣಲ್ಲ, ಮಾಡದೆ ಬಿಟ್ಟ ಪ್ಲಾಸ್ಟರಿಂಗ್. ಮಣ್ಣಿನ ಬ್ಲಾಕು ಕಟ್ಟಿ ಅದರ ಮೇಲೆ ಸಿಮೆಂಟು ಬಳಿದು ಬಣ್ಣ ಹೊಡೆಸುವವರನ್ನೂ ನೋಡಿದ್ದೇನೆ. ಅವರಿಗೆ ಎರಡೂ ಕಡೆ ಖರ್ಚು.

ಇನ್ನೊಂದು ಉಳಿತಾಯ ಪಿಲ್ಲರಿನದು. ಈಗ ನೆಲಮಹಡಿ ಒಂದೇ ಇದ್ದರೂ ಎಲ್ಲರೂ ಪಿಲ್ಲರು, ಬೀಮು ಅಂತ ಕಬ್ಬಿಣ ಸುರಿಯುತ್ತಾರೆ. ನೆಲ ಗಟ್ಟಿಯಿದ್ದರೆ, ಸೈಜು ಕಲ್ಲಿನ ಪಾಯದ ಮೇಲೆ ಏಳೂವರೆ ಇಂಚಿನ ಬ್ಲಾಕ್ ಗೋಡೆಯೇ ತಾರಸಿ ಹೊರುತ್ತದೆ. ಮುಂದೆ ಮೇಲೊಂದು ಮಹಡಿ ಬೇಕಿದ್ದರೆ ಈಗಲೇ ಎಂಜಿನಿಯರ್‌ಗೆ ಹೇಳಿಬಿಡಿ, ಅವರು ಅದಕ್ಕೆ ತಕ್ಕಂತೆ ಗೋಡೆ ಇಡುತ್ತಾರೆ.

ಇದೇನೂ ಹೊಸ ಪ್ರಯೋಗ ಅಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಅನ್ನುವ ಗುಂಪು ಶುರು ಮಾಡಿದರು. ಹಳ್ಳಿಗಳಿಗೆ ಬೇಕಾದ ವಿಜ್ಞಾನ ಅವರ ಕೆಲಸ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಈ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೂತರು. ನಾವು ಬಾಡಿಗೆಗೆ ತರುವ 'ಮರ್ದಿನಿ' ಮೆಷಿನ್ ಆ ಕೆಲಸದ ಫಲವೇ. ಬಡವರ ಮನೆಗೆಂದು ಹುಟ್ಟಿದ ವಿದ್ಯೆ ಈಗ ಫಾರ್ಮ್‌ಹೌಸಿಗೆ ಹೋಗಿ ಕೂತಿದೆ ಅಂತ ನಿಮ್ಮ ಯಜಮಾನರು ಹೇಳಿದರೆ ನನ್ನ ಬಳಿ ಎದುರುಮಾತಿಲ್ಲ.

ಹಾಗಾದರೆ ಆ 2,900 ಎಲ್ಲಿಂದ ಬಂತು? ಕೊಟೇಶನ್ ಬಿಡಿಸಿ ಕೇಳಿ. ಫ್ಯಾಕ್ಟರಿ ಬ್ಲಾಕು, ಅದರ ಲಾರಿ ಬಾಡಿಗೆ, ಬೆಂಗಳೂರಿಂದ ಬಂದು ಉಳಿದುಕೊಳ್ಳುವ ಮೇಸ್ತ್ರಿಗಳ ತಂಡ, ತೇಗದ ಕಿಟಕಿ, ಚೆಟ್ಟಿನಾಡಿನ ಅತ್ತಂಗುಡಿ ಟೈಲ್ಸು, ರೆಡ್ ಆಕ್ಸೈಡ್ ನೆಲ. ನಮ್ಮಜ್ಜಿ ಮನೆಯಲ್ಲಿ ರೆಡ್ ಆಕ್ಸೈಡ್ ಅಂದರೆ ಮೊಸಾಯಿಕ್ ಹಾಕಿಸಲು ದುಡ್ಡಿಲ್ಲದವರ ನೆಲ. ಈಗ ಅದನ್ನು ಬಿರುಕು ಬಿಡದ ಹಾಗೆ ಉಜ್ಜುವ ಗಾರೆಯವರೇ ಅಪರೂಪ, ಹಾಗಾಗಿ ರೇಟು ಏರಿದೆ. ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ಇದನ್ನೆಲ್ಲ ಪರಿಸರದ ಖಾತೆಗೆ ಬರೆಯಬೇಡಿ, ಅಲಂಕಾರದ ಖಾತೆಗೆ ಬರೆಯಿರಿ.

ನನ್ನ ಕೇಳಿದರೆ ಮೊದಲು ನಕ್ಷೆ ತೆಗೆದು ಒಂದೂವರೆ ಚದರ ಕತ್ತರಿಸಿ. ಊರಿನ ಕಂಟ್ರಾಕ್ಟರ ರೇಟಿನಲ್ಲೇ ಅದು 3 ಲಕ್ಷ 15 ಸಾವಿರ! ನಾನು ಮೇಲೆ ಹೇಳಿದ ಪ್ಲಾಸ್ಟರಿಂಗ್ ಉಳಿತಾಯದ ಎರಡರಷ್ಟು. ನಿಮ್ಮ ಪತ್ರದ ಜೊತೆ ಕಳಿಸಿದ ನಕ್ಷೆಯಲ್ಲಿ ಗೆಸ್ಟ್ ರೂಮು ಇದೆ, ಅದಕ್ಕೆ ಅಟ್ಯಾಚ್ಡ್ ಬಾತ್‌ರೂಮೂ ಇದೆ. ವರ್ಷಕ್ಕೆ ಎಷ್ಟು ದಿನ ನೆಂಟರು? ಹಾಲಿನಲ್ಲಿ ಗೋಡೆಗೆ ಸೇರಿಸಿ ಒಂದು ಜಗಲಿ ಕಟ್ಟಿಸಿ. ಹಗಲು ಕೂರಲು, ರಾತ್ರಿ ಮಲಗಲು, ಎರಡಕ್ಕೂ ಆಗುತ್ತದೆ.

ಮಣ್ಣು ಸರಿಯಿದೆಯಾ ಅಂತ ಇವತ್ತೇ ನೋಡಿಕೊಳ್ಳಬಹುದು. ಮೇಲಿನ ಒಂದಡಿ ಮಣ್ಣು ಬಿಟ್ಟು ಕೆಳಗಿನದನ್ನು ತೆಗೆಯಿರಿ. ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ತಕ್ಷಣ ಕೆಳಗೆ ಕೂರುತ್ತದೆ. ಜೇಡಿ ಮಾರನೇ ದಿನ ಮೇಲೆ ತೆಳ್ಳಗೆ ಪದರ ಕಟ್ಟುತ್ತದೆ. ಮೂರರಲ್ಲಿ ಎರಡು ಪಾಲು ಮರಳು, ಮೇಲೆ ಚೂರು ಜೇಡಿ ಇದ್ದರೆ ಶುಭ. ಜೇಡಿ ಜಾಸ್ತಿಯಿದ್ದರೆ ಕ್ವಾರಿ ಪುಡಿ ಬೆರೆಸಬೇಕು. ಶಾಲೆಯ ಮಕ್ಕಳ ಕೈಲಿ ಮಾಡಿಸಿ, ಒಂದು ಪಾಠವೂ ಆಗುತ್ತದೆ. ಆಮೇಲೆ ಮೊದಲ ಐವತ್ತು ಬ್ಲಾಕಿನಲ್ಲಿ ಕೆಲವನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕೊಟ್ಟು, ಎಷ್ಟು ಭಾರ ತಡೆಯುತ್ತವೆ ಅಂತ ಪರೀಕ್ಷೆ ಮಾಡಿಸಿ. ಇದು ಮಾತ್ರ ಬಿಡಬೇಡಿ.

ಬ್ಯಾಂಕಿನ ವಿಷಯ. ಎಸ್ಟಿಮೇಟಿನಲ್ಲಿ 'ಮಣ್ಣಿನ ಮನೆ' ಅಂತ ಬರೆಯಿಸಬೇಡಿ. ನನಗೆ ಪರಿಚಯದ ಒಬ್ಬರ ಅರ್ಜಿ ಆ ಎರಡು ಪದಕ್ಕೇ ವಾಪಸ್ ಬಂತು. 'ಸಿಮೆಂಟ್ ಸ್ಟೆಬಿಲೈಸ್ಡ್ ಬ್ಲಾಕ್, ಐಎಸ್ 1725 ಪ್ರಕಾರ' ಅಂತ ಬರೆಸಿ ಮತ್ತೆ ಕೊಟ್ಟರು (ಐಎಸ್ 1725 ಅಂದರೆ ಈ ಬ್ಲಾಕಿಗಿರುವ ಭಾರತೀಯ ಮಾನದಂಡ), ಪಾಸಾಯಿತು. ಎರಡೂ ಸಲ ಮನೆ ಅದೇ!

ಇನ್ನು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. 2006ರಲ್ಲಿ ನಮ್ಮ ಸ್ವಂತ ಮನೆ ಕಟ್ಟುವಾಗ ಕೊನೆಗೆ ದುಡ್ಡು ಸಾಲಲಿಲ್ಲ. ಎರಡೂವರೆ ಅಡಿ ಇರಬೇಕಿದ್ದ ಸೂರನ್ನು ಒಂದಡಿಗೆ ಇಳಿಸಿದೆ. ಹದಿನೆಂಟು ಸಾವಿರ ಉಳಿಸಿದೆ ಅಂತ ಬೀಗಿದೆ. ಮೂರನೇ ಮಳೆಗಾಲಕ್ಕೆ ಪಡುವಣ ಗೋಡೆಯ ಕೆಳಗಿನ ನಾಲ್ಕು ವರಸೆ ಉದುರತೊಡಗಿತು. ಮಳೆ ಹೊಡೆದದ್ದಕ್ಕಿಂತ, ನೆಲಕ್ಕೆ ಬಿದ್ದು ಸಿಡಿದ ನೀರೇ ಜಾಸ್ತಿ ತಿಂದಿತ್ತು. ನಮ್ಮ ಮೇಸ್ತ್ರಿ ಬಂದು ನೋಡಿ, "ಗೋಡೆಗೆ ಬಟ್ಟೆ ಬೇಡ ಅಂದ್ರಿ, ಸರಿ. ಕೊಡೆನಾದ್ರೂ ಕೊಡಬೇಕಿತ್ತಲ್ವಾ ಮೇಡಂ?" ಅಂದ. ಆ ನಾಲ್ಕು ವರಸೆ ತೆಗೆದು ಸೈಜು ಕಲ್ಲು ಕೂರಿಸಿ, ತಗಡಿನ ಸಜ್ಜೆ ಹಾಕಿಸುವಷ್ಟರಲ್ಲಿ ನಲವತ್ತು ಸಾವಿರ ದಾಟಿತು. ನೀವು ನೆಲದಿಂದ ಎರಡಡಿ ಕಲ್ಲು ಕಟ್ಟಿಸಿ, ಸೂರು ಧಾರಾಳವಾಗಿ ಬಿಡಿ.

ಪ್ರಶ್ನೆ: ಅಕ್ಕಾರ, ನಮ್ಮದು ಗದಗ ಜಿಲ್ಲೆ, ಎರಿ ಭೂಮಿ. ನಮ್ಮ ಹೊಲದ ಮಣ್ಣಿಂದ ಬ್ಲಾಕ್ ಮಾಡಬಹುದಾ? ಹಳೇ ಮಾಳಿಗೆ (ಮಣ್ಣಿನ ತಾರಸಿ) ಮನೆ ಕೆಡವಿ ಆ ಜಾಗದಲ್ಲೇ ಕಟ್ಟೋ ಯೋಚನೆ.

ಉತ್ತರ: ಎರೆಮಣ್ಣು ಬೇಡವೇ ಬೇಡ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದನ್ನು ಹದಕ್ಕೆ ತರಲು ಹಾಕುವ ಸುಣ್ಣ, ಮರಳಿನ ಖರ್ಚಿನಲ್ಲಿ ಬೇರೆ ಬ್ಲಾಕೇ ಕೊಳ್ಳಬಹುದು. ಪಾಯಕ್ಕೂ ಅದೇ ಮಣ್ಣಿನ ಕಾಟ ಇರುತ್ತದೆ, ಎಂಜಿನಿಯರ್‌ಗೆ ತೋರಿಸದೆ ಹೊಸ ಮನೆಗೆ ಗುದ್ದಲಿ ಹಾಕಬೇಡಿ.

ಆದರೆ ನನ್ನ ಪ್ರಶ್ನೆ ಬೇರೆ. ಮಾಳಿಗೆ ಮನೆ ಯಾಕೆ ಕೆಡವುತ್ತೀರಿ? ನೀವೇ ಬರೆದಿದ್ದೀರಿ, ಗೋಡೆ ಎರಡಡಿ ದಪ್ಪ, ತೊಲೆ ಗಟ್ಟಿ ಇದೆ, ಸೋರುವುದು ಒಂದು ಮೂಲೆಯಲ್ಲಿ ಮಾತ್ರ ಅಂತ. ಏಪ್ರಿಲ್ ಮಧ್ಯಾಹ್ನ ಆ ಮನೆಯೊಳಗೆ ಮಲಗಿ, ಆಮೇಲೆ ಪಕ್ಕದ ಆರ್‌ಸಿಸಿ ಮನೆಯಲ್ಲಿ ಮಲಗಿ ನೋಡಿ. ಸೋರುವ ಮೂಲೆಯ ಮಣ್ಣು ತೆಗೆಸಿ, ಹಲಗೆ ಕೆಟ್ಟಿದ್ದರೆ ಬದಲಿಸಿ, ಮತ್ತೆ ಮಣ್ಣು ಬಡಿಸಿ. ಕತ್ತಲು ಅನ್ನುತ್ತೀರಾ, ಇನ್ನೆರಡು ಬೆಳಕಿಂಡಿ ಬಿಡಿಸಿ ಗಾಜು ಹಾಕಿಸಿ. ಬಚ್ಚಲು, ಪಾಯಖಾನೆ ಹಿತ್ತಲ ಕಡೆ ಹೊಸದಾಗಿ ಕಟ್ಟಿಕೊಳ್ಳಿ. ಹೊಸ ಮನೆಯ ದುಡ್ಡಿನಲ್ಲಿ ಐದನೇ ಒಂದು ಪಾಲೂ ಆಗಲಾರದು. ಇರುವ ಮನೆ ಉಳಿಸಿಕೊಳ್ಳುವುದಕ್ಕಿಂತ ಅಗ್ಗದ ಪರಿಸರಸ್ನೇಹಿ ಮನೆ ನನಗಂತೂ ಕಂಡಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು 'ಗ್ರೀನ್' ಅಪಾರ್ಟ್‌ಮೆಂಟ್ ನೋಡಿದ್ದೇವೆ. ಚದರಡಿಗೆ 600 ರೂಪಾಯಿ ಜಾಸ್ತಿ. ಕೊಡಬಹುದಾ?

ಉತ್ತರ: ಬ್ರೋಷರಿನಲ್ಲಿರುವ ಸರ್ಟಿಫಿಕೇಟು ಪ್ರಿ-ಸರ್ಟಿಫಿಕೇಶನ್ನಾ, ಕೊನೆಯದ್ದಾ ಅಂತ ಕೇಳಿ. ಮೊದಲನೆಯದು ನಕ್ಷೆ ನೋಡಿ ಕೊಡುವುದು, ಕಟ್ಟಿದ ಮೇಲೆ ಕೊಡುವುದೇ ಬೇರೆ. ಆಮೇಲೆ ಸಂಜೆ ನಾಲ್ಕು ಗಂಟೆಗೆ ಹೋಗಿ ಫ್ಲಾಟಿನಲ್ಲಿ ನಿಲ್ಲಿ. ಪಡುವಣಕ್ಕೆ ಪೂರಾ ಗಾಜಿನ ಗೋಡೆ, ಎದುರು ಗೋಡೆಯಲ್ಲಿ ಒಂದೂ ಕಿಟಕಿ ಇಲ್ಲ ಅಂದರೆ ಲಾಬಿಯಲ್ಲಿ ಎಷ್ಟು ಕುಂಡ ಇಟ್ಟರೂ ನೀವು ಎಸಿ ಹಾಕಲೇಬೇಕು. ಗಾಳಿ ಆಡುತ್ತಿದೆ, ಮಳೆನೀರು ಸಂಪಿಗೆ ಹೋಗುತ್ತಿದೆ, ಟ್ಯಾಂಕರ್ ಬಿಲ್ಲು ಕಮ್ಮಿ ಅಂತ ಅಲ್ಲಿ ಆಗಲೇ ಇರುವವರು ಹೇಳಿದರೆ ಕೊಡಿ. ಸೇಲ್ಸ್ ಹುಡುಗ ಹೇಳಿದರೆ ಬೇಡ.

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಕಟ್ಟುತ್ತಿದ್ದೇವೆ. ತಾರಸಿಗೆ 3 ಕಿಲೋವಾಟ್ ಸೋಲಾರ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಲಾಭವಿದೆಯಾ?

ಉತ್ತರ: ತಿಂಗಳಿಗೆ ಎಷ್ಟು ಯೂನಿಟ್ ಉರಿಸುತ್ತೀರಿ? 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78 ಸಾವಿರ ಸಬ್ಸಿಡಿ ಇದೆ, ನಿಜ. ಆದರೆ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಆ ಪ್ಯಾನೆಲ್ಲು ಯಾವ ಬಿಲ್ಲನ್ನು ಉಳಿಸಬೇಕು? 200 ಯೂನಿಟ್ ದಾಟುವವರಾದರೆ ಖಂಡಿತ ಹಾಕಿಸಿ. ಇಲ್ಲದಿದ್ದರೆ ಈಗ ಪೈಪು, ವೈರು ಎಳೆಸಿ ಜಾಗ ಬಿಟ್ಟಿರಿ. ಆ ದುಡ್ಡಲ್ಲಿ ಸ್ವಲ್ಪ ಮಳೆನೀರು ಹಿಡಿಯುವುದಕ್ಕೆ ಹಾಕಿ. ಹತ್ತು ಚದರದ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು, ಒಂದೇ ಸಂಜೆಗೆ.

ಪ್ರಶ್ನೆ: ತಾರಸಿಯೊಳಗೆ ಹೆಂಚು ಹೂತು ಮೋಲ್ಡ್ ಹಾಕುತ್ತಾರಂತೆ. ಗಟ್ಟಿ ಇರುತ್ತದಾ? (ಹಾಸನ)

ಉತ್ತರ: ಇರುತ್ತದೆ. ತಾರಸಿಯ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿ ಕಂಬಿಗಳ ನಡುವಿನ ಕಾಂಕ್ರೀಟು ಸುಮ್ನೆ ಭಾರ. ಅದರ ಜಾಗಕ್ಕೆ ಹಳೇ ಮಂಗಳೂರು ಹೆಂಚು ಇಡುತ್ತೇವೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನು ಬಹಳ ಮನೆಗಳಲ್ಲಿ ಮಾಡಿ ತೋರಿಸಿದ್ದಾರೆ. ಕಾಂಕ್ರೀಟು ಉಳಿಯುತ್ತದೆ, ಕೆಳಗೆ ತಂಪು. ಕಂಬಿ ಕಟ್ಟುವ ದಿನ ಎಂಜಿನಿಯರ್ ಸೈಟಿನಲ್ಲೇ ಇರಬೇಕು, ಅಷ್ಟೇ ಷರತ್ತು.

ಪ್ರಶ್ನೆ: ತೀರ್ಥಹಳ್ಳಿ ಕಡೆಯವರು ನಾವು. ಹೆಂಚಿನ ಮನೆಯೇ ಇಷ್ಟ, ಆದರೆ ಮಂಗಗಳ ಕಾಟ. ಎಲ್ಲರೂ ತಗಡು ಹಾಕಿ ಅನ್ನುತ್ತಾರೆ.

ಉತ್ತರ: ತಗಡಿನಡಿ ಮಳೆಗಾಲದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಬೇಸಿಗೆಯಲ್ಲಿ ಕೂರಲಾಗುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಈ ಹೆಂಚು ಮಲೆನಾಡಿನ ಮಳೆ ತಡೆದಿದೆ. ಊರಲ್ಲಿ ಆರ್‌ಸಿಸಿ ಹಾಕುವವರು ಹಳೇ ಹೆಂಚು ಇಳಿಸಿ ಅಗ್ಗಕ್ಕೆ ಕೊಡುತ್ತಾರೆ, ವಿಚಾರಿಸಿ. ಬೆರಳಲ್ಲಿ ತಟ್ಟಿ, ಠಣ್ ಅಂದದ್ದನ್ನು ಮಾತ್ರ ಆರಿಸಿಕೊಳ್ಳಿ. ಮರದ ಬದಲು ಕಬ್ಬಿಣದ ಪೈಪಿನ ಚೌಕಟ್ಟು ಮಾಡಿಸಿ, ಗೆದ್ದಲಿನ ಭಯ ಇಲ್ಲ. ಮನೆಗೆ ತಾಗಿದ ಹಲಸು, ಪೇರಳೆ ಕೊಂಬೆ ಸವರಿಸಿ. ಬೇಕಾದ್ದಕ್ಕಿಂತ ಇನ್ನೂರು ಹೆಂಚು ಜಾಸ್ತಿ ತಂದು ಕೊಟ್ಟಿಗೆ ಹಿಂದೆ ಅಡಕಿಡಿ. ಮಂಗ ಹೇಗೂ ಬರುತ್ತದೆ.