ಪ್ರತಿಕ್ರಿಯೆ: ಬೈಕ್ ರಿಪೇರಿ "ಮಾಡಿಸಿದೆ" ಅನ್ನೋಕೆ ಇಂಗ್ಲಿಷಲ್ಲಿ ಏನು ಹೇಳ್ಬೇಕು?

ಬೈಕನ್ನ ಬೇರೆಯವರ ಕೈಲಿ ರಿಪೇರಿ ಮಾಡಿಸಿ, ಮ್ಯಾನೇಜರ್‌ಗೆ "ಐ ರಿಪೇರ್ಡ್ ಮೈ ಬೈಕ್" ಅಂದೆ ಅಂತ ಬರೆದಿದ್ದೀರಿ. ಅದಕ್ಕೆ ಅವರು "ನೀವೇ ಮಾಡಿದ್ರಾ?" ಅಂತ ಕೇಳಿದ್ದು ಬಹುಶಃ ನೀವು "ಮಾಡಿಸಿದೆ"ಯಲ್ಲಿರೋ "ಇಸು"ವನ್ನ ಬಿಟ್ಟಿದ್ದಕ್ಕೆ. ನಾವು ಮಾಡಿಸು, ಹೊಲಿಸು, ತೊಳೆಸು ಅಂತ ಕ್ರಿಯಾಪದಕ್ಕೇ ಅಂಟಿಸಿಬಿಡ್ತೀವಿ, ಇಂಗ್ಲಿಷಲ್ಲಿ ಆ ಕೆಲಸ ಮಾಡೋದು ಗೆಟ್.

ಮೊದಲು ಗಾಟ್ (ಗೆಟ್‌ನ ಭೂತಕಾಲ) ಹಾಕಿ, ಆಮೇಲೆ ವಸ್ತು, ಕೊನೇಲಿ ಕ್ರಿಯಾಪದದ ಮೂರನೇ ರೂಪ: "ಐ ಗಾಟ್ ಮೈ ಬೈಕ್ ರಿಪೇರ್ಡ್". ಈ ಆರ್ಡರ್ ತುಂಬಾ ಮುಖ್ಯ, "ಐ ಗಾಟ್ ರಿಪೇರ್ಡ್ ಮೈ ಬೈಕ್" ಅಂತ ನಮ್ಮಲ್ಲಿ ಸಿಕ್ಕಾಪಟ್ಟೆ ಜನ ಹೇಳ್ತಾರೆ, ಅದು ತಪ್ಪು. ಬ್ಲೌಸ್ ಹೊಲಿಸಿದ್ರೆ "ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್", ನಾಳೆ ಮಾಡಿಸೋದಾದ್ರೆ "ಐ ವಿಲ್ ಗೆಟ್ ಇಟ್ ಸ್ಟಿಚ್ಡ್", ಕಾಲಕ್ಕೆ ತಕ್ಕ ಹಾಗೆ ಬದಲಾಗೋದು ಗೆಟ್ ಮಾತ್ರ, ಕೊನೇದು ಹಾಗೇ ಇರತ್ತೆ.

ಯಾರ ಕೈಲಿ ಮಾಡಿಸಿದ್ರಿ ಅಂತಾನೂ ಹೇಳ್ಬೇಕಾದ್ರೆ ಟು ಬೇಕು: "ಐ ಗಾಟ್ ದ ಮೆಕ್ಯಾನಿಕ್ ಟು ಚೆಕ್ ದ ಬ್ರೇಕ್ಸ್". ಗಾಟ್ ಬದಲು ಹ್ಯಾಡ್ ಹಾಕಿದ್ರೆ ಟು ಬರಲ್ಲ, "ಐ ಹ್ಯಾಡ್ ದ ಮೆಕ್ಯಾನಿಕ್ ಚೆಕ್ ದ ಬ್ರೇಕ್ಸ್". ಇಲ್ಲಿ ಮೇಡ್ ಹಾಕ್ಬೇಡಿ, ಬಲವಂತವಾಗಿ ಮಾಡಿಸಿದ ಅರ್ಥ ಬರತ್ತೆ.

ಹೇರ್‌ಕಟ್ ವಿಷಯದಲ್ಲಿ ಮಾತ್ರ ಇಷ್ಟು ಖಡಾಖಂಡಿತ ಅಲ್ಲ, "ಐ ಕಟ್ ಮೈ ಹೇರ್" ಅಂತ ಇಂಗ್ಲಿಷಿನವರೂ ಮಾತಲ್ಲಿ ಅಂದುಬಿಡ್ತಾರೆ, ಆದ್ರೂ "ಐ ಗಾಟ್ ಮೈ ಹೇರ್ ಕಟ್" ಅಂದ್ರೆ ಗೊಂದಲ ಇರಲ್ಲ.

ಮ್ಯಾನೇಜರ್‌ಗೆ "ನೋ, ಐ ಗಾಟ್ ಇಟ್ ರಿಪೇರ್ಡ್" ಅಂದ್ರೆ ಸಾಕು.