ತಾತನ ಪಾಕೆಟ್ ವಾಚು ತಮ್ಮನ ಕೈಗೆ ಕಟ್ಟಬಹುದಾ? - ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ತೆ ಸರ್, ನಮ್ಮ ತಾತನ ಬೆಳ್ಳಿ ಪಾಕೆಟ್ ವಾಚ್ ಒಂದಿದೆ, ಸ್ವಿಸ್ ಅಂತಾರೆ, ಕೀ ಕೊಟ್ರೆ ಇವತ್ತಿಗೂ ಓಡುತ್ತೆ, ಆದ್ರೆ ಬೀರುನಲ್ಲಿ ಸುಮ್ನೆ ಬಿದ್ದಿದೆ. ಇಂಥ ವಾಚಿನ ಮಷಿನ್ ತೆಗೆದು ಹೊಸ ಸ್ಟೀಲ್ ಕೇಸಿಗೆ ಹಾಕಿ ರಿಸ್ಟ್ ವಾಚ್ ಮಾಡಿಕೊಡೋರ ವಿಡಿಯೋ ನೋಡಿದೆ. ತಮ್ಮನ ಮದುವೆಗೆ ಹಾಗೇ ಮಾಡಿಸಿ ಅವನ ಕೈಗೆ ಕಟ್ಟಬೇಕು ಅಂತ ಆಸೆ. ಮಾಡಿಸಬಹುದಾ?
- ಓದುಗರು, ಹಾಸನ

ಉತ್ತರ: ದಯವಿಟ್ಟು ಮಾಡಿಸ್ಬೇಡಿ. ಆಸೆ ತಪ್ಪಲ್ಲ, ಆದ್ರೆ ನಿಮ್ಮ ಹತ್ರ ಇರೋದು ಕೇಸು, ಡಯಲ್ಲು, ಮುಳ್ಳು, ಮಷಿನ್ನು ಎಲ್ಲಾ ಜೊತೆಗೇ ಉಳ್ಕೊಂಡಿರೋ ಪೂರ್ತಿ ವಾಚು, ಅದೂ ಓಡ್ತಿರೋದು. ಅದನ್ನ ಬಿಚ್ಚಿ ಮಷಿನ್ ಮಾತ್ರ ತಗೊಂಡ್ರೆ ಬೆಳ್ಳಿ ಕೇಸು ಕೊನೆಗೆ ತೂಕದ ಲೆಕ್ಕದಲ್ಲಿ ಯಾರದೋ ಅಂಗಡಿ ಸೇರುತ್ತೆ, ಡಯಲ್ಲು ಡಬ್ಬಿ ಸೇರುತ್ತೆ, ಮುಂದೆ ಯಾರಾದ್ರೂ ಮತ್ತೆ ಜೋಡಿಸೋಣ ಅಂದ್ರೆ ಆಗಲ್ಲ.

ಡಯಲ್ಲು ಯಾಕೆ ಕೆಲಸಕ್ಕೆ ಬರಲ್ಲ ಅಂತ ಕೇಳಬಹುದು. ನಿಮ್ಮ ವಾಚಿಗೆ ಮುಂದೆ ಮುಚ್ಚಳ ಇದೆಯೋ ಇಲ್ವೋ ನೀವು ಬರೆದಿಲ್ಲ. ಮುಚ್ಚಳ ಇಲ್ಲದ್ದಾದ್ರೆ ಕೀ ಕೊಡೋ ಗುಂಡಿ 12ರ ಮೇಲೆ ಇರುತ್ತೆ, ಸಣ್ಣ ಸೆಕೆಂಡ್ ಮುಳ್ಳು 6ರ ಹತ್ರ. ಕೈಗೆ ಕಟ್ಟೋವಾಗ ಗುಂಡಿ ಬಲಗಡೆ 3ರ ಪಕ್ಕ ಬರಬೇಕು ಅಂದ್ರೆ ಮಷಿನ್ನೇ ತಿರುಗಿಸಿ ಕೂರಿಸ್ಬೇಕು, ಆಗ ಸೆಕೆಂಡ್ ಮುಳ್ಳು 9ರ ಹತ್ರ ಹೋಗುತ್ತೆ, ಅದಕ್ಕೆ ಹೊಸ ಡಯಲ್ ಬೇಕು. ಹಳೇ ಬಿಳಿ ಡಯಲ್ ಸಾಮಾನ್ಯವಾಗಿ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಸುಟ್ಟು ಮಾಡಿರೋ ಎನಾಮೆಲ್, ನೂರು ವರ್ಷ ಆದ್ರೂ ಬಣ್ಣ ಹೋಗಲ್ಲ, ಆದ್ರೆ ತೆಗೆಯೋವಾಗ ಸ್ವಲ್ಪ ಬಾಗಿದ್ರೂ ಬಿರುಕು ಬಿಡುತ್ತೆ. ಮುಚ್ಚಳ ಇರೋ ಹಂಟರ್ ವಾಚುಗಳಲ್ಲಿ ಗುಂಡಿ ಮೊದಲೇ 3ರ ಪಕ್ಕ ಇರೋದ್ರಿಂದ ಈ ತಾಪತ್ರಯ ಇಲ್ಲ, 1939ರಲ್ಲಿ ಐಡಬ್ಲ್ಯುಸಿ ಅನ್ನೋ ಸ್ವಿಸ್ ಕಂಪನಿ ತನ್ನ ಪೋರ್ಚುಗೀಸರ್ ರಿಸ್ಟ್ ವಾಚಿಗೆ ಹಾಕಿದ್ದೂ ಇಂಥ ಹಂಟರ್ ಪಾಕೆಟ್ ವಾಚಿನ ಮಷಿನ್ನೇ. ಆದ್ರೆ ಅವರು ತಮ್ಮದೇ ಕಾರ್ಖಾನೆ ಮಷಿನ್ ಹಾಕಿದ್ರು, ಯಾರ ಮನೆ ತಾತನ ವಾಚನ್ನೂ ಬಿಚ್ಚಲಿಲ್ಲ.

ಇನ್ನೊಂದು ವಿಷ್ಯ. ಪಾಕೆಟ್ ವಾಚು ಜೇಬಲ್ಲಿ ನೇತಾಡ್ಕೊಂಡು ಒಂದೇ ಭಂಗಿಯಲ್ಲಿ ಇರೋಕೆ ಅಂತ ಮಾಡಿದ್ದು. ಕೈ ಹಾಗಲ್ಲ, ಬೈಕ್ ಓಡಿಸುತ್ತೆ, ಚಪ್ಪಾಳೆ ತಟ್ಟುತ್ತೆ, ಬಾಗಿಲಿಗೆ ಬಡಿಯುತ್ತೆ. ಮಷಿನ್ ಒಳಗೆ ಆ ಕಡೆ ಈ ಕಡೆ ತೂಗಾಡ್ತಾ ಟೈಮ್ ಅಳೆಯೋ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಹತ್ರಹತ್ರ ತಲೆಕೂದಲಿನಷ್ಟೇ ಸಣ್ಣ, ಅದನ್ನ ಹೊಡೆತದಿಂದ ಕಾಪಾಡೋ ಇಂಕಾಬ್ಲಾಕ್ ಅನ್ನೋ ಸ್ಪ್ರಿಂಗ್ ವ್ಯವಸ್ಥೆ ಬಂದಿದ್ದು 1930ರ ದಶಕದಲ್ಲಿ. ಅದಕ್ಕಿಂತ ಹಳೇ ಮಷಿನ್ನಿಗೆ ಆ ರಕ್ಷಣೆ ಇಲ್ಲ. ತುದಿ ಮುರಿದ್ರೆ ಎಷ್ಟೋ ಸಲ ಸ್ಪೇರ್ ಸಿಗಲ್ಲ, ಲೇತ್ ಮೇಲೆ ಹೊಸದು ಕಡೀಬೇಕು, ಆ ಕೈಚಳಕ ಇರೋ ರಿಪೇರಿಯವರು ಈಗ ಅಪರೂಪ.

ಮದುವೆ ದಿನ ಕೈಗೆ ಕಟ್ಟಲೇಬೇಕು ಅಂತಿದ್ರೆ ಒಂದು ದಾರಿ ಇದೆ. ದಕ್ಷಿಣ ಆಫ್ರಿಕಾದ ಬೋರ್ ಯುದ್ಧದ ಕಾಲದಲ್ಲಿ, ಅಂದ್ರೆ 1899ರಿಂದ 1902ರ ಹೊತ್ತಿಗೆ, ಬ್ರಿಟಿಷ್ ಸೈನಿಕರು ಅಗಲ ಚರ್ಮದ ಪಟ್ಟಿ ಮೇಲೆ ಬಟ್ಟಲಿನ ಥರದ ಗೂಡು ಹೊಲಿಸಿ ಪಾಕೆಟ್ ವಾಚನ್ನ ಅದರೊಳಗೆ ಇಟ್ಟು ಮಣಿಕಟ್ಟಿಗೆ ಕಟ್ಕೋತಿದ್ರು. ಚರ್ಮದ ಕೆಲಸ ಚೆನ್ನಾಗಿ ಗೊತ್ತಿರೋರ ಹತ್ರ ವಾಚಿನ ಅಳತೆ ಕೊಟ್ಟು ಅಂಥದ್ದೊಂದು ಮಾಡಿಸಿ, ವಾಚಿಗೆ ಒಂದು ಗೀರೂ ಬೀಳಲ್ಲ, ಸಂಜೆ ತೆಗೆದು ಮತ್ತೆ ಸರಪಳಿಗೆ ಹಾಕಬಹುದು. ಅದಕ್ಕೂ ಮೊದಲು ಒಂದ್ಸಲ ಬಿಚ್ಚಿ ತೊಳೆಸಿ ಎಣ್ಣೆ ಹಾಕ್ಸಿ, ಓಡುತ್ತೆ ಅಂತ ಒಣಗಿದ ಎಣ್ಣೆಯಲ್ಲೇ ಓಡಿಸ್ತಾ ಇದ್ರೆ ಒಳಗೆ ಸವೀತಾ ಇರುತ್ತೆ.

ಪ್ರಶ್ನೆ: ಸರ್, ಮಿಶಿಗನ್‌ನಲ್ಲಿ ಇದೀವಿ. ಇಲ್ಲಿ ಹಳೇ ಸಾಮಾನು ಮಾರೋ ಕಡೆ ಎಲ್ಜಿನ್ ಕಂಪನಿಯ ಮಷಿನ್ ಸಿಕ್ತು, ಕೇಸ್ ಇಲ್ಲ, ಬರೀ ಮಷಿನ್ ಮತ್ತು ಡಯಲ್. ಇದನ್ನೂ ರಿಸ್ಟ್ ವಾಚ್ ಮಾಡಬಾರ್ದಾ?
- ಓದುಗರು, ಅಮೆರಿಕ

ಉತ್ತರ: ಇದನ್ನ ಖಂಡಿತ ಮಾಡಿ, ಖುಷಿಯಿಂದ ಮಾಡಿ! ಚಿನ್ನದ ರೇಟ್ ಏರಿದಾಗೆಲ್ಲ ಅಲ್ಲಿ ಎಷ್ಟೋ ಪಾಕೆಟ್ ವಾಚುಗಳ ಚಿನ್ನದ ಕೇಸು ಕರಗಿಸಿಬಿಟ್ರು, ಮಷಿನ್ನುಗಳು ಅನಾಥವಾಗಿ ಉಳಿದ್ವು. ಇಂಥದಕ್ಕೆ ಹೊಸ ಕೇಸು ಹಾಕಿದ್ರೆ ಏನೂ ಹಾಳು ಮಾಡಿದ ಹಾಗಲ್ಲ, ಅದು ಮತ್ತೆ ಟಿಕ್ ಟಿಕ್ ಅನ್ನುತ್ತೆ ಅಷ್ಟೇ.

ಮೊದಲು ಮಷಿನ್ ಮೇಲೆ ಕೆತ್ತಿರೋ ಸೀರಿಯಲ್ ನಂಬರ್ ನೋಡಿ, ಎಲ್ಜಿನ್, ವಾಲ್ಥಮ್ ಈ ಎರಡು ಅಮೆರಿಕನ್ ಕಂಪನಿಗಳ ಮಷಿನ್‌ಗೂ ನಂಬರಿಂದ ಹೆಚ್ಚುಕಮ್ಮಿ ಯಾವ ವರ್ಷದ್ದು, ಯಾವ ಸೈಜ್ ಅಂತ ಗೊತ್ತಾಗುತ್ತೆ. ಅಮೆರಿಕದ ಲೆಕ್ಕದಲ್ಲಿ 16 ಸೈಜ್ ಅಂದ್ರೆ ಸುಮಾರು 43 ಮಿಲಿಮೀಟರ್, 12 ಸೈಜ್ ಸುಮಾರು 40, 6 ಸೈಜ್ 35ಕ್ಕೆ ಹತ್ರ, 0 ಸೈಜ್ 30ಕ್ಕೆ ಹತ್ರ. ಇದು ಬರೀ ಮಷಿನ್ ಅಳತೆ, ಮೇಲೆ ಕೇಸ್ ಸೇರಿದ್ರೆ 16 ಸೈಜಿಂದು 50 ಮಿಲಿಮೀಟರ್ ಮುಟ್ಟುತ್ತೆ, ಸಣ್ಣ ಕೈಗೆ ಬಟ್ಟಲು ಕಟ್ಕೊಂಡ ಹಾಗೆ ಕಾಣುತ್ತೆ. ದಿನಾ ಹಾಕೋಕೆ 6 ಅಥವಾ 0 ಸೈಜ್ ವಾಸಿ ಅಂತ ನನ್ನ ಅಭಿಪ್ರಾಯ.

ಆಮೇಲೆ ಎರಡು ತೊಡಕು ಗಮನಿಸಿ, ಬಹಳ ಜನ ಇಲ್ಲೇ ದುಡ್ಡು ಕಳ್ಕೊಳ್ಳೋದು. ಸ್ವಿಸ್ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಗುಂಡಿಗೆ ಸೇರಿರೋ ಕೀ ಕಡ್ಡಿ ಮಷಿನ್ ಒಳಗೇ ಸ್ಕ್ರೂನಿಂದ ಹಿಡಿದಿರುತ್ತೆ, ಬಹುಪಾಲು ಹಳೇ ಅಮೆರಿಕನ್ ಮಷಿನ್‌ಗಳಲ್ಲಿ ಆ ಕಡ್ಡಿ ಕೇಸಿನ ಕತ್ತಿನಲ್ಲಿರೋ ಸ್ಪ್ರಿಂಗ್ ಥರದ ಸಣ್ಣ ಕೊಳವೆಯಲ್ಲಿ ಕೂತಿರುತ್ತೆ, ಅಂದ್ರೆ ಗುಂಡಿ ಎಳೆದಾಗ ಅಲ್ಲೇ ನಿಲ್ಲಿಸೋ ಕೆಲಸ ಕೇಸಿಂದು. ಹಾಗಾಗಿ ಸ್ವಿಸ್ ಮಷಿನ್‌ಗೆ ಅಂತ ಮಾಡಿದ ರೆಡಿಮೇಡ್ ಕೇಸ್ ತರಿಸಿದ್ರೆ ಇದು ಕೂರಲ್ಲ, ಆ ಕೊಳವೆ ಇರೋ ಕೇಸೇ ಬೇಕು. ಇನ್ನೊಂದು, ಮಷಿನ್ ರೈಲ್ವೆ ದರ್ಜೆಯದಾದ್ರೆ, ಅಂದ್ರೆ ರೈಲು ಸಿಬ್ಬಂದಿಗೆ ಅಂತ ಮಾಡಿದ್ದಾದ್ರೆ, ಟೈಮ್ ತಿರುಗಿಸೋಕೆ ಡಯಲ್ ಅಂಚಿನಲ್ಲಿ ಒಂದು ಸಣ್ಣ ಲಿವರ್ ಇರುತ್ತೆ, ಮುಂದಿನ ಗ್ಲಾಸ್ ಬಿಚ್ಚಿ ಅದನ್ನ ಎಳೆದ್ರೆ ಮಾತ್ರ ಮುಳ್ಳು ತಿರುಗೋದು. 1891ರಲ್ಲಿ ಒಹಾಯೋದ ಕಿಪ್ಟನ್ ಹತ್ರ ಎರಡು ರೈಲು ಡಿಕ್ಕಿಯಾಗಿ ಜನ ಸತ್ರು, ಒಬ್ಬ ಡ್ರೈವರ್ ವಾಚು 4 ನಿಮಿಷ ನಿಂತಿದ್ದೇ ಕಾರಣ ಅಂತ ಹೇಳ್ತಾರೆ, ಆಮೇಲೆ ವೆಬ್ ಬಾಲ್ ಅನ್ನೋ ವಾಚ್ ವ್ಯಾಪಾರಿ ರೈಲ್ವೆ ವಾಚುಗಳ ತಪಾಸಣೆ ಬಿಗಿ ಮಾಡಿದ್ರು, ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರಬಾರ್ದು ಅನ್ನೋ ಮಟ್ಟಕ್ಕೆ ಬಂತು. ಕೀ ಕೊಡೋವಾಗ ಕೈತಪ್ಪಿ ಟೈಮ್ ಬದಲಾಗಬಾರ್ದು ಅಂತಲೇ ಆ ಲಿವರ್. ನಿಮ್ಮದು ಅದಾದ್ರೆ ಮುಂದಿನ ರಿಂಗ್ ತಿರುಗಿಸಿ ಬಿಚ್ಚೋ ಥರದ ಕೇಸ್ ಮಾಡಿಸಿ. ನೀರಿಂದ ಮಾತ್ರ ದೂರ ಇಡಿ.

ಪ್ರಶ್ನೆ: ಸರ್ ಆನ್‌ಲೈನಲ್ಲಿ ದೊಡ್ಡ ಸ್ವಿಸ್ ಕಂಪನಿ ಹೆಸರಿರೋ "1910ರ ರಿಸ್ಟ್ ವಾಚ್" ಕಡಿಮೆ ರೇಟಿಗೆ ಇದೆ, ಹಿಂದೆ ಗ್ಲಾಸ್, ಒಳಗೆ ಕೆತ್ತನೆ ಎಲ್ಲಾ ಕಾಣುತ್ತೆ. ತಗೊಳ್ಲಾ?
- ಓದುಗರು, ಬೆಂಗಳೂರು

ಉತ್ತರ: ಬೇಡ. ಡಯಲ್ ಮೇಲಿನ ಹೆಸರು ಯಾರು ಬೇಕಾದ್ರೂ ಪ್ರಿಂಟ್ ಹಾಕಬಹುದು, ಮಷಿನ್ ಮೇಲೆ ಅದೇ ಹೆಸರು ಕೆತ್ತಿದ್ಯಾ ಅಂತ ಫೋಟೋ ಕೇಳಿ. ಯಾವುದೋ ಹಳೇ ಮಷಿನ್, ಹೊಸ ಕೇಸು, ಹೊಸ ಡಯಲ್ ಸೇರಿಸಿದ್ದು ಅಂತ ಮುಚ್ಚುಮರೆ ಇಲ್ದೆ ಹೇಳಿ ಮಾರೋರೂ ಇದಾರೆ, ಅವರ ಹತ್ರ ತಗೊಂಡ್ರೆ ತಪ್ಪಿಲ್ಲ. ಇಲ್ಲಾಂದ್ರೆ ಆ ಲುಕ್ಕಿಗೆ ಯೂನಿಟಾಸ್ 6497 ಅಥವಾ 6498 ಮಷಿನ್ ಇರೋ ವಾಚ್ ನೋಡಿ. ಮೂಲದಲ್ಲಿ ಪಾಕೆಟ್ ವಾಚಿಗೆ ಅಂತ ಮಾಡಿದ 36.6 ಮಿಲಿಮೀಟರ್ ಮಷಿನ್ ಅದು, ಈಗ ಈಟಿಎ ಅನ್ನೋ ಸ್ವಿಸ್ ಕಂಪನಿ ಹೆಸರಲ್ಲಿ ಬರುತ್ತೆ, ಹೊಡೆತ ತಡೆಯೋ ವ್ಯವಸ್ಥೆ ಇದೆ, ಸ್ಪೇರ್ ಸಿಗುತ್ತೆ.

ಪ್ರಶ್ನೆ: ಸರ್, ಅಪ್ಪನ ಎಚ್‌ಎಂಟಿ ಪಾಕೆಟ್ ವಾಚು, ಕೀ ಕೊಡೋದು. ಇದೇನು ಅಷ್ಟು ಹಳೇದಲ್ವಲ್ಲ, ಇದನ್ನ ಬದಲಾಯಿಸಬಹುದಾ?
- ಓದುಗರು, ತುಮಕೂರು

ಉತ್ತರ: ನೂರು ವರ್ಷದ್ದಲ್ಲ ನಿಜ, ಆದ್ರೆ ಇನ್ನು ಹೊಸದಾಗಿ ಬರೋದೂ ಅಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ವಾಚ್ ಕಾರ್ಖಾನೆ, ನಿಮ್ಮೂರಲ್ಲೂ ಒಂದಿತ್ತು, 2016ರಲ್ಲಿ ಸರ್ಕಾರ ವಾಚ್ ವಿಭಾಗ ಮುಚ್ಚೋ ತೀರ್ಮಾನ ಮಾಡ್ತು. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಒಮ್ಮೆ ಅಪ್ಪನ್ನ ಕರ್ಕೊಂಡು ಹೋಗಿ. ಕೈಗೆ ಕಟ್ಟೋಕೆ ಎಚ್‌ಎಂಟಿ ಜನತಾ ಹಳೇದು ಹುಡುಕಿದ್ರೆ ಸಿಗುತ್ತೆ, ಪಾಕೆಟ್ ವಾಚನ್ನ ಹಾಗೇ ಬಿಡಿ.

ಪ್ರಶ್ನೆ: ಹಳೇ ಪಾಕೆಟ್ ವಾಚಿನ ಅಂಕಿ, ಮುಳ್ಳಿನ ಮೇಲೆ ಹಳದಿ ಬಣ್ಣ ಉದುರ್ತಾ ಇದೆ, ಕೆರೆದು ಕ್ಲೀನ್ ಮಾಡಿ ಹೊಸ ಕೇಸಿಗೆ ಹಾಕ್ಲಾ?
- ಓದುಗರು, ಶಿವಮೊಗ್ಗ

ಉತ್ತರ: ಕೆರೀಲೇಬೇಡಿ, ಕೇಸನ್ನೂ ತೆಗೀಬೇಡಿ. ಅದು ಕತ್ತಲಲ್ಲಿ ಹೊಳೆಯೋಕೆ ಹಚ್ಚೋ, ವಿಕಿರಣ ಸೂಸೋ ರೇಡಿಯಂ ಬಣ್ಣ ಇರಬಹುದು, ಹತ್ತಿರಹತ್ತಿರ 1960ರವರೆಗೂ ಬಳಸ್ತಿದ್ರು. ಕತ್ತಲಲ್ಲಿ ಹೊಳೀತಾ ಇಲ್ಲ ಅಂತ ಧೈರ್ಯ ಬೇಡ, ಹೊಳೆಯೋ ಪುಡಿ ಸುಟ್ಟುಹೋಗಿರುತ್ತೆ, ರೇಡಿಯಂ ಅರ್ಧ ಆಗೋಕೇ 1600 ವರ್ಷ ಬೇಕು. ಆ ಪುಡಿ ಉಸಿರಲ್ಲಿ ಒಳಗೆ ಹೋಗೋದೇ ಅಪಾಯ. ಗಟ್ಟಿ ಕವರಲ್ಲಿ ಹಾಕಿ ಮುಚ್ಚಿ ಮಕ್ಕಳ ಕೈಗೆ ಸಿಗದಂಗೆ ಇಡಿ, ರಿಪೇರಿಗೆ ಕೊಡೋದಾದ್ರೆ ರೇಡಿಯಂ ಇರಬಹುದು ಅಂತ ಮೊದಲೇ ಹೇಳಿ ಕೊಡಿ.