ಸಂಗೀತ ಕಲಿಯದೆ ಅಣ್ಣಾವ್ರ ಹಾಗೆ ಹಾಡಬಹುದಾ?

‘ರಾಜ್‌ಕುಮಾರ್ 45ರಲ್ಲಿ ಹಾಡೋಕೆ ಶುರು ಮಾಡಿದ್ರು, ನನಗಿನ್ನೂ 38. ಪಾಠಕ್ಕೆ ಹೋಗದೆ ಅವರ ಹಾಡು ಹಿಡಿದು ಆರ್ಕೆಸ್ಟ್ರಾ ಸೇರಬಹುದಾ?’ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ನಾನೂ ಒಂದು ರಾಜ್ಯೋತ್ಸವದ ವೇದಿಕೆ ಹತ್ತಿದ್ದೆ. ‘ಯಾರೇ ಕೂಗಾಡಲಿ’ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ದನಿ ಒಡೆಯಿತು. ಆಮೇಲೆ ಮೂರು ವಾರ ಪಿಸುಮಾತು. (ಪಿಸುಗುಟ್ಟಿದರೂ ಗಂಟಲು ದಣಿಯುತ್ತೆ, ಬಾಯಿ ಮುಚ್ಚಿಕೊಂಡಿರುವುದೇ ಮದ್ದು.)

ನಿಮ್ಮ 45ರ ಲೆಕ್ಕವೇ ತಪ್ಪು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಇದೇ ‘ಯಾರೇ ಕೂಗಾಡಲಿ’ ಹಾಡಿನ ಹೊತ್ತಿಗೆ, ರಾಜ್‌ಗೆ ಹಿನ್ನೆಲೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಅವರಿಗೆ ಗಂಟಲು ಕೆಟ್ಟಿತ್ತು, ರಾಜ್ ಹಾಡಿದರು, ನಿಜ. ಆದರೆ 1956ರ ‘ಓಹಿಲೇಶ್ವರ’ದಲ್ಲೇ ಅವರು ಹಾಡಿದ್ದಾರೆ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ಯುಗಳಗೀತೆಯೂ ಇದೆ. ಅದಕ್ಕೂ ಮುಂಚೆ ಗುಬ್ಬಿ ಕಂಪನಿ. ಕಂಪನಿ ನಾಟಕ ಅಂದರೆ ನಟನೇ ಹಾಡಬೇಕು, ಹಾರ್ಮೋನಿಯಂ ಶ್ರುತಿ ಬಿಡಬಾರದು, ಕೊನೇ ಸಾಲಿನವನಿಗೂ ಅಕ್ಷರ ಅಕ್ಷರ ಕೇಳಿಸಬೇಕು. ಅಲ್ಲಿ ಪಳಗಿದವರನ್ನು ‘ಕಲಿಯದವರು’ ಅಂತ ನಾವು ಹೇಗೆ ನಂಬಿಬಿಟ್ಟೆವೋ!

ಈಗ ನನ್ನ ತಪ್ಪಿಗೆ ಬರುತ್ತೇನೆ. ಕರೋಕೆ ಟ್ರ್ಯಾಕ್ (ಹಾಡಿನ ಬರೀ ವಾದ್ಯದ ದನಿ) ಇದ್ದ ಶ್ರುತಿಯಲ್ಲೇ ಹಾಡಿದೆ. ನನ್ನದು ತಗ್ಗು ದನಿ, ಮೇಲಿನ ಸ್ವರಗಳಿಗೆ ನಿಲುಕುವುದಿಲ್ಲ. ನಿಲುಕದ್ದನ್ನು ಹಿಡಿಯೋಕೆ ಕತ್ತು ಬಿಗಿ ಮಾಡಿ ಕೂಗಿದೆ. ಅದು ಸಾಲದು ಅಂತ ಅವರ ದನಿಯ ಆ ಮೂಗಿನ ಲೇಪ ಬರಲಿ ಎಂದು ನಾಲಿಗೆಯ ಬುಡ ಹಿಂದಕ್ಕೆ ಎಳೆದುಕೊಂಡೆ. ಅವರಿಗೆ ಅದು ಹುಟ್ಟಿನಿಂದ ಬಂದದ್ದು, ಬಿಗಿಯಿಲ್ಲದೆ ಹೊರಡುತ್ತೆ. ನಾವು ಮಾಡಿದರೆ ಗಂಟಲು ಹಿಸುಕಿದ ಹಾಗೆ. ಗಂಟಲು ಬಿಗಿದು ಕೂಗಿದರೆ ಸಾಲು ಮುಗಿಯುವ ಮುಂಚೆ ಉಸಿರು ಮುಗಿಯುತ್ತೆ, ಉಳಿದದ್ದನ್ನು ಇನ್ನಷ್ಟು ಒತ್ತಿ ಹೊರಡಿಸುತ್ತೀರಿ. ನಾನು ಆ ಒಂದು ಹಾಡಿಗೆ ಮೂವತ್ತು ಸಲ ಪ್ರಾಕ್ಟೀಸ್ ಮಾಡಿದ್ದೆ. ಮೂವತ್ತು ಸಲವೂ ತಪ್ಪನ್ನೇ ಗಟ್ಟಿ ಮಾಡಿಕೊಂಡಿದ್ದೆ.

ಅವರಿಂದ ಕದಿಯಬೇಕಾದ್ದು ಉಚ್ಚಾರಣೆ. ಟ್ರ್ಯಾಕ್ ಹಾಕದೆ ಸಾಹಿತ್ಯವನ್ನು ನಾಟಕದ ಮಾತಿನ ಹಾಗೆ ಹೇಳಿ: ಲ-ಳ ಬೇರೆ ಬೇರೆ ಕೇಳಬೇಕು, ಅ-ಹ ಕಲಸಬಾರದು, ಮಹಾಪ್ರಾಣ ನುಂಗಬಾರದು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್ ಗೀಟು ಹಾಕಿ, ಪದದ ನಡುವೆ ಬೇಡವೇ ಬೇಡ. ಆಮೇಲೆ ಆ್ಯಪ್‌ನಲ್ಲಿ ಟ್ರ್ಯಾಕಿನ ಪಿಚ್ ಮೈನಸ್ 2 (ಅಂದರೆ ಶ್ರುತಿ ಎರಡು ಮನೆ ಕೆಳಗೆ) ಇಟ್ಟು ನೋಡಿ. ಹಾಡಿನ ಅತಿ ಎತ್ತರದ ಸ್ವರದಲ್ಲಿ ಗದ್ದ ಮೇಲೆ ಏಳುತ್ತಿದ್ದರೆ ಮೈನಸ್ 3. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ಪ-ಭ ಬಂದಾಗಲೆಲ್ಲ ಸ್ಪೀಕರ್ ‘ಧಪ್’ ಅನ್ನುತ್ತೆ.

ಪಾಠಕ್ಕೆ ಹೋಗಲೇಬೇಕಾ ಅಂದರೆ, ಹೋಗಿ. ಸರಳೆ, ಜಂಟಿ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠಗಳು) ಮುಗಿಯುವವರೆಗಾದರೂ. ‘ಜೀವನ ಚೈತ್ರ’ದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರಿಗೆ 60 ದಾಟಿತ್ತು, ಆ ಹಾಡನ್ನು ಒಂದು ಸಲ ಗಮನವಿಟ್ಟು ಕೇಳಿದರೆ ‘ಕಲಿಯದೆ’ ಅನ್ನುವ ಮಾತು ನೀವೇ ವಾಪಸ್ ತಗೊಳ್ತೀರಿ.

ಆರ್ಕೆಸ್ಟ್ರಾದವರು ಟ್ರಯಲ್‌ಗೆ ಕರೆದರೆ ‘ಯಾರೇ ಕೂಗಾಡಲಿ’ ಎತ್ತಬೇಡಿ. ‘ಪ್ರೇಮದ ಕಾಣಿಕೆ’ಯ ‘ಬಾನಿಗೊಂದು ಎಲ್ಲೆ ಎಲ್ಲಿದೆ’ ಹಾಡಿ, ಉಸಿರಿಗೆ ಜಾಗ ಇದೆ. ನಿಮ್ಮ ಶ್ರುತಿ ಎಷ್ಟು ಅಂತ ಕೀಬೋರ್ಡಿನವರಿಗೆ ಮೊದಲೇ ಹೇಳಿಬಿಡಿ.